ಲ್ಯಾಪ್‌ಟಾಪ್ ಕೊಳ್ಳೋದು ಸುಲಭ, ವಾಪಸ್ ಕೊಡೋದು?

“ಒಮ್ಮೆ ಮಾರಿದ ಮಾಲನ್ನು ವಾಪಸ್ಸು ತೆಗೆದುಕೊಳ್ಳಲಾಗುವುದಿಲ್ಲ.”

ತುಮಕೂರಿನ ಎಂ.ಜಿ. ರಸ್ತೆಯಿಂದ ಹಿಡಿದು ಪಾವಗಡದ ಪೇಟೆ ಬೀದಿಯವರೆಗೆ ಈ ಸಾಲು ಅಚ್ಚಾಗದ ಬಿಲ್ಲು ಹುಡುಕುವುದೇ ಕಷ್ಟ. ಇನ್ನೂರು ರೂಪಾಯಿ ಚಪ್ಪಲಿಯ ಬಿಲ್ಲಿನಲ್ಲೂ ಅದೇ ಸಾಲು, ಐವತ್ತು ಸಾವಿರದ ಲ್ಯಾಪ್‌ಟಾಪಿನ ಬಿಲ್ಲಿನಲ್ಲೂ ಅದೇ ಸಾಲು. ಚಪ್ಪಲಿ ಕಚ್ಚಿದರೆ ನಾಲ್ಕು ದಿನ ಕುಂಟಿ ಸುಮ್ಮನಾಗಬಹುದು. ಲ್ಯಾಪ್‌ಟಾಪು ಕೈಕೊಟ್ಟರೆ?

ಕಾಲೇಜು ಸೇರುವ ಕಾಲ ಬಂತೆಂದರೆ ಸಾಕು, ಮಕ್ಕಳಿರುವ ಮನೆಗಳಲ್ಲಿ ಇದೇ ಮಾತು. ಬಿ.ಸಿ.ಎ. ಸೇರಿದ ಮಗಳಿಗೆ ಬೇಕು, ಎಂಜಿನಿಯರಿಂಗ್ ಸೇರಿದ ಮಗನಿಗೆ ಬೇಕು. ತಿಪಟೂರಿನ ಕಡೆಯವರಾದರೆ ಕೊಬ್ಬರಿ ಮಾರಿದ ದುಡ್ಡು, ಪೇಟೆಯವರಾದರೆ ಚೀಟಿ ಎತ್ತಿದ ಹಣ, ನೌಕರರಾದರೆ ಸೊಸೈಟಿ ಸಾಲ. ಹೀಗೆ ಹೊಂದಿಸಿಕೊಂಡು ಬಂದವರು ನಾಲ್ಕು ಅಂಗಡಿ ಹತ್ತಿ ಇಳಿಯುತ್ತಾರೆ. ಎಲ್ಲ ಕಡೆ ಒಂದೇ ಪ್ರಶ್ನೆ: “ಲಾಸ್ಟ್ ಎಷ್ಟಕ್ಕೆ ಕೊಡ್ತೀರಿ?”

ಐನೂರು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ಗಿರಾಕಿ ಇನ್ನೊಂದು ಪ್ರಶ್ನೆಯನ್ನು ಮಾತ್ರ ಮರೆತೇ ಬಿಡುತ್ತಾನೆ. “ಕೆಟ್ಟರೆ ಯಾರ ಮುಂದೆ ತಂದಿಡಬೇಕು? ಎಷ್ಟು ದಿನದೊಳಗೆ?” ದರವನ್ನು ತೂಗಿ ನೋಡುವ ಹಾಗೆ ವಾಪಸಾತಿಯ ದಾರಿಯನ್ನೂ ತೂಗಿ ನೋಡದೆ ಗಂಟು ಬಿಚ್ಚಿದರೆ, ಅಗ್ಗದ ಮಾಲೇ ದುಬಾರಿಯಾಗುವುದುಂಟು.

ಊರಿನ ಅಂಗಡಿ

ಊರಿನ ಅಂಗಡಿಯಲ್ಲಿ ದರ ಸಾವಿರವೋ ಎರಡು ಸಾವಿರವೋ ಹೆಚ್ಚಿರಬಹುದು. ಆದರೆ ಅಲ್ಲೊಂದು ಅನುಕೂಲ ಇದೆ. ಗಲ್ಲಾದ ಮೇಲೆ ಕೂತಿರುವ ಯಜಮಾನರ ಮುಖ ಪರಿಚಯ. ಇವತ್ತು ಕೊಂಡದ್ದು ನಾಳೆ ಕೆಟ್ಟರೆ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿಲ್ಲಬಹುದು.

ಆದರೆ ಉತ್ತರ? “ಸೀಲ್ ಒಡೆದ್ಮೇಲೆ ನಮ್ ಕೈಲಿ ಏನೂ ಇಲ್ಲ ಸಾರ್, ಕಂಪ್ನಿ ಸರ್ವೀಸ್ ಸೆಂಟರ್‌ಗೆ ಹೋಗಿ” ಎಂಬುದೇ ಹೆಚ್ಚು ಕಡೆ ಸಿಗುವ ಉತ್ತರ. ಇದರಲ್ಲಿ ಅರ್ಧ ನಿಜವೂ ಇದೆ. ಕೊಂಡ ಮೊದಲ ಕೆಲವು ದಿನಗಳಲ್ಲೇ ಯಂತ್ರ ಕೆಟ್ಟರೆ ವ್ಯಾಪಾರದವರು ಅದನ್ನು ‘ಡಿ.ಒ.ಎ.’ ಎನ್ನುತ್ತಾರೆ. ಬರುವಾಗಲೇ ಸತ್ತು ಬಂದ ಮಾಲು ಎಂದರ್ಥ. ಕಂಪನಿಯ ಸರ್ವೀಸ್ ಸೆಂಟರು ನೋಡಿ ‘ಹೌದು, ಇದು ಡಿ.ಒ.ಎ.’ ಎಂದು ಕಾಗದ ಕೊಟ್ಟರೆ ಅಂಗಡಿಯವರಿಗೆ ಕಂಪನಿಯಿಂದ ಬದಲಿ ಮಾಲು ಸಿಗುತ್ತದೆ. ಈ ಗಡುವು ಕಂಪನಿಯಿಂದ ಕಂಪನಿಗೆ ಬೇರೆ. ಗಡುವು ಮೀರಿತೋ, ಅಲ್ಲಿಂದ ಮುಂದೆ ರಿಪೇರಿಯ ವಾರಂಟಿ ಮಾತ್ರ. ಹೊಸ ಯಂತ್ರದ ಮಾತೇ ಇಲ್ಲ.

ಆದ್ದರಿಂದ ಹಬ್ಬಕ್ಕೆಂದು ಕೊಂಡು, ಒಳ್ಳೆ ದಿನ ನೋಡಿ ಪೂಜೆ ಮಾಡಿ ಬಿಚ್ಚೋಣ ಎಂದು ಹದಿನೈದು ದಿನ ಬೀರುವಿನಲ್ಲಿ ಇಡುವವರು ಈ ಅವಕಾಶವನ್ನು ತಾವೇ ಕಳೆದುಕೊಳ್ಳುತ್ತಾರೆ.

ಬೆಂಗಳೂರಿನ ಬಸ್ಸು

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು. ದಿನಾ ಬೆಳಿಗ್ಗೆ ಬಸ್ಸು, ರೈಲು ಹಿಡಿದು ಹೋಗಿ ರಾತ್ರಿ ಮರಳುವವರು ಸಾವಿರಾರು ಮಂದಿ. “ಎಸ್.ಪಿ. ರೋಡಲ್ಲಿ ಎರಡು ಸಾವಿರ ಕಡಿಮೆ” ಎಂಬ ಸುದ್ದಿ ಬಸ್ಸಿನಲ್ಲೇ ಹುಟ್ಟಿ ಬಸ್ಸಿನಲ್ಲೇ ಹರಡುತ್ತದೆ. ಸಿಟಿ ಮಾರ್ಕೆಟ್ಟಿಗೆ ಹತ್ತಿರದ ಆ ರಸ್ತೆಯಲ್ಲಿ ಕಂಪ್ಯೂಟರು, ಬಿಡಿಭಾಗದ ಅಂಗಡಿಗಳು ಸಾಲುಸಾಲು. ದರ ಕಡಿಮೆ ಇರುವುದೂ ಸುಳ್ಳಲ್ಲ.

ಆದರೆ ಲೆಕ್ಕ ಪೂರ್ತಿ ಹಾಕಬೇಕು. ಯಂತ್ರ ಕೆಟ್ಟರೆ ಹೋಗಿ ಬರಲು ಒಂದು ದಿನ, ಬದಲಿ ತರಲು ಇನ್ನೊಂದು ದಿನ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ನಿಜ. ಆದರೆ ರಜೆ ಹಾಕಿದ ದಿನದ ಸಂಬಳ ಯಾವ ಯೋಜನೆಯಲ್ಲೂ ಬರುವುದಿಲ್ಲ. ಉಳಿದದ್ದು ಎರಡು ಸಾವಿರ, ಕಳೆದದ್ದು ಎರಡು ದಿನ. ದಿನಾ ಬೆಂಗಳೂರಿಗೇ ಹೋಗುವ ನೌಕರನಿಗೆ ಎಸ್.ಪಿ. ರೋಡು ಲಾಭವಾದೀತು. ಪಾವಗಡದವರಿಗೋ, ಚಿಕ್ಕನಾಯಕನಹಳ್ಳಿಯವರಿಗೋ ಅದೇ ಲೆಕ್ಕ ತಲೆಕೆಳಗು.

ಅಲ್ಲಿ ಕೇಳಿಬರುವ ಇನ್ನೊಂದು ಮಾತು: “ಬಿಲ್ ಬೇಕಾ? ಬೇಡ ಅಂದ್ರೆ ಇನ್ನೂ ಕಡ್ಮೆ ಮಾಡ್ಕೊಡ್ತೀನಿ.” ಲ್ಯಾಪ್‌ಟಾಪಿನ ಮೇಲೆ ಜಿ.ಎಸ್.ಟಿ. ಶೇ. 18. ತೆರಿಗೆ ಸೇರಿ 50,000 ರೂಪಾಯಿಯ ಯಂತ್ರದಲ್ಲಿ ಸುಮಾರು 7,627 ರೂಪಾಯಿ ತೆರಿಗೆಯೇ. ಆಸೆ ಹುಟ್ಟುವುದು ಸಹಜ. ಆದರೆ ಬಿಲ್ಲಿಲ್ಲದ ಮಾಲಿಗೆ ವಾರಂಟಿ ಕೇಳಲು ಹೋದರೆ ಸರ್ವೀಸ್ ಸೆಂಟರಿನಲ್ಲಿ ತೋರಿಸುವುದೇನು? ಅಂಗಡಿಯವನೇ “ನಿಮಗೆ ಮಾರಿದ್ದು ನಾನಲ್ಲ” ಎಂದರೆ ಮಾಡುವುದೇನು? ಬಿಲ್ಲಿಲ್ಲದ ಗಿರಾಕಿ ಟಿಕೆಟ್ಟಿಲ್ಲದ ಪ್ರಯಾಣಿಕನಿದ್ದ ಹಾಗೆ. ಚೆಕಿಂಗ್‌ನವರು ಹತ್ತುವವರೆಗೆ ಎಲ್ಲ ಸುಖ.

ಬೆರಳ ತುದಿಯ ಅಂಗಡಿ

ಮೂರನೆಯದು ಮೊಬೈಲಿನಲ್ಲಿ ತೆರೆಯುವ ಅಂಗಡಿ. ದೊಡ್ಡ ಹಬ್ಬದ ಮಾರಾಟದ ದಿನಗಳಲ್ಲಿ ಅಲ್ಲಿಯ ದರಕ್ಕೆ ಊರಿನ ಅಂಗಡಿ ಸರಿಗಟ್ಟುವುದು ಕಷ್ಟ. ‘ಏಳು ದಿನದಲ್ಲಿ ವಾಪಸ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ ಎಂಬ ಧೈರ್ಯ ಗಿರಾಕಿಗೆ. ಆದರೆ ಆ ಅಕ್ಷರದ ಕೆಳಗಿನ ಸಣ್ಣಕ್ಷರ ಓದಬೇಕು. ಲ್ಯಾಪ್‌ಟಾಪಿನ ಮಟ್ಟಿಗೆ ಹೆಚ್ಚಾಗಿ ಅದು ‘ಬದಲಿ ಕೊಡುತ್ತೇವೆ’ ಎಂಬ ಮಾತೇ ಹೊರತು ‘ದುಡ್ಡು ವಾಪಸ್’ ಎಂಬ ಮಾತಲ್ಲ. ಅದೂ ದೋಷವಿದೆ ಎಂದು ಅವರ ಕಡೆಯವರು ಒಪ್ಪಿದ ಮೇಲೆ. ಬಣ್ಣ ಹಿಡಿಸಲಿಲ್ಲ, ತೂಕ ಜಾಸ್ತಿ ಎಂದರೆ ನಡೆಯುವುದಿಲ್ಲ.

ಇನ್ನೊಂದು ಸೂಕ್ಷ್ಮ. ಅಂಗಡಿಯ ಹೆಸರು ಒಂದು, ಮಾರುವವನು ಇನ್ನೊಬ್ಬ. ದೊಡ್ಡ ಆನ್‌ಲೈನ್ ಅಂಗಡಿಗಳು ಸಂತೆಯ ಮೈದಾನವಿದ್ದ ಹಾಗೆ. ಮೈದಾನ ಅವರದು, ಮಳಿಗೆ ಬೇರೆಯವರದು. ಮಾರುವವನ ಹೆಸರು, ವಿಳಾಸ, ವಾಪಸಾತಿಯ ಷರತ್ತು ಎಲ್ಲವನ್ನೂ ತೋರಿಸಬೇಕೆಂದು 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ದೂರು ಕೊಟ್ಟರೆ 48 ಗಂಟೆಯೊಳಗೆ ‘ತಲುಪಿದೆ’ ಎನ್ನಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ದೋಷವಿರುವ, ನಕಲಿಯಾದ, ಹೇಳಿದ ಗುಣವಿಲ್ಲದ ಅಥವಾ ಹೇಳಿದ ದಿನಕ್ಕೆ ಬಾರದ ಮಾಲನ್ನು ಮಾರಿದವನು ವಾಪಸ್ಸು ತೆಗೆದುಕೊಳ್ಳಲಾರೆ ಎನ್ನುವಂತಿಲ್ಲ.

ಡಬ್ಬ ಬಿಚ್ಚಿದರೆ ಒಳಗೆ ಸೋಪು, ಕಲ್ಲು ಸಿಕ್ಕ ಕಥೆಗಳು ಎಲ್ಲರ ಕಿವಿಗೂ ಬಿದ್ದಿವೆ. ಅದಕ್ಕೇ ತಂದವನ ಎದುರೇ ಡಬ್ಬ ಬಿಚ್ಚಿ ತೋರಿಸುವ ಏರ್ಪಾಟು ಇದ್ದರೆ ಅದನ್ನೇ ಆರಿಸುವುದು ಲೇಸು. ಒಳಗಿನದನ್ನು ಕಣ್ಣಾರೆ ನೋಡುವ ಮೊದಲು ಒ.ಟಿ.ಪಿ. ಹೇಳಬಾರದು. ಅಂಥ ಏರ್ಪಾಟು ಇಲ್ಲವಾದರೆ ವಿಳಾಸದ ಚೀಟಿಯಿಂದ ಹಿಡಿದು ಯಂತ್ರ ಹೊರಬರುವವರೆಗೆ ನಡುವೆ ನಿಲ್ಲಿಸದೆ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ನಾಳೆ ಅದೇ ಸಾಕ್ಷಿ.

ಕಂತಿನಲ್ಲಿ ಕೊಳ್ಳುವವರಿಗೆ ಒಂದು ಮಾತು. ‘ಬಡ್ಡಿಯಿಲ್ಲದ ಕಂತು’ ಎಂದರೂ ಬ್ಯಾಂಕಿನವರು ಹಿಡಿಯುವ ಶುಲ್ಕ, ಅದರ ಮೇಲಿನ ತೆರಿಗೆ ಇವು ಮಾಲು ವಾಪಸ್ಸು ಹೋದರೂ ಸಾಮಾನ್ಯವಾಗಿ ವಾಪಸ್ಸು ಬರುವುದಿಲ್ಲ.

ಕಾನೂನು ಏನೆನ್ನುತ್ತೆ?

ಬಿಲ್ಲಿನಡಿ ಅಚ್ಚು ಹಾಕಿಸಿದ್ದೆಲ್ಲ ಕಾನೂನಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷವುಳ್ಳ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ಸು ಪಡೆದು ಹಣ ಹಿಂದಿರುಗಿಸಲು ಒಪ್ಪದಿರುವುದು ಈ ಕಾಯಿದೆಯ ಪ್ರಕಾರ ‘ಅನುಚಿತ ವ್ಯಾಪಾರ ಪದ್ಧತಿ’. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ.

ಇಲ್ಲಿ ‘ದೋಷವುಳ್ಳ’ ಎಂಬ ಶಬ್ದದ ಮೇಲೆ ಕಣ್ಣಿರಬೇಕು. ಮಗನಿಗೆ ಹಿಡಿಸಲಿಲ್ಲ, ಪಕ್ಕದ ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿತು ಎಂದು ವಾಪಸ್ಸು ಕೊಡುವ ಹಕ್ಕನ್ನು ಈ ಕಾಯಿದೆ ಕೊಟ್ಟಿಲ್ಲ. ಅದು ಅಂಗಡಿಯವರ ಔದಾರ್ಯ, ಇಲ್ಲವೇ ಅವರೇ ಬರೆದುಕೊಟ್ಟ ಷರತ್ತು.

ಇನ್ನೊಂದು ಅನುಕೂಲವನ್ನು ಬಹಳ ಜನ ಅರಿಯರು. 1986ರ ಹಳೆ ಕಾಯಿದೆಯಲ್ಲಿ ಎದುರು ಪಾರ್ಟಿ ಇರುವ ಅಥವಾ ವ್ಯವಹಾರ ನಡೆದ ಊರಿಗೆ ಹೋಗಿ ದಾವೆ ಹಾಕಬೇಕಿತ್ತು. ಈಗ ಗಿರಾಕಿ ವಾಸವಾಗಿರುವ ಜಿಲ್ಲೆಯಲ್ಲೇ ಹಾಕಬಹುದು. ಎಸ್.ಪಿ. ರೋಡಿನಲ್ಲಿ ಕೊಂಡಿರಲಿ, ಮೊಬೈಲಿನಲ್ಲಿ ತರಿಸಿರಲಿ, ತುಮಕೂರಿನವರು ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ತಂಟೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೂ ಮೊದಲು 1915ಕ್ಕೆ ಫೋನು ಮಾಡಿ ದೂರು ಬರೆಸಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು.

ಅಂಗಡಿಗೆಂದು ಲ್ಯಾಪ್‌ಟಾಪು ಕೊಳ್ಳುವ ವರ್ತಕರು ಮಾತ್ರ ಸ್ವಲ್ಪ ಎಚ್ಚರವಾಗಿರಬೇಕು. ಜಿ.ಎಸ್.ಟಿ. ನೋಂದಣಿ ಸಂಖ್ಯೆ ಬರೆಸಿ ಬಿಲ್ಲು ಪಡೆದರೆ ಕಟ್ಟಿದ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಆದರೆ ವ್ಯಾಪಾರದ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕ ಕಾಯಿದೆ ‘ಗ್ರಾಹಕ’ ಎನ್ನುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರಿಗೆ ವಿನಾಯಿತಿ ಉಂಟು. ಒಬ್ಬರೇ ಕೂತು ಜೆರಾಕ್ಸ್ ಅಂಗಡಿ ನಡೆಸುವವರು ಆ ಗುಂಪಿಗೆ ಸೇರಬಹುದು. ನಾಲ್ಕು ಶಾಖೆ ಇಟ್ಟು ಹತ್ತು ಯಂತ್ರ ಕೊಳ್ಳುವ ಸಾಹುಕಾರರಿಗೆ ಅದು ಸಿಗುವುದು ಕಷ್ಟ.

ಅಂಗಡಿಯವರ ಸಂಕಟ

ಹಾಗೆಂದು ತಪ್ಪೆಲ್ಲ ಅಂಗಡಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸೀಲು ಒಡೆದ ಡಬ್ಬವನ್ನು ಸಗಟು ವಿತರಕರು ಮುಟ್ಟುವುದಿಲ್ಲ. ಒಮ್ಮೆ ಗಿರಾಕಿಯ ಹೆಸರು ಹಾಕಿ ವಿಂಡೋಸ್ ಶುರು ಮಾಡಿ, ಜೊತೆಗೆ ಬಂದ ಆಫೀಸ್ ತಂತ್ರಾಂಶವನ್ನು ಅವರ ಖಾತೆಗೆ ಸೇರಿಸಿದರೆ ಅದನ್ನು ಮತ್ತೊಬ್ಬರಿಗೆ ಹೊಸದೆಂದು ಮಾರುವಂತಿಲ್ಲ. ಲ್ಯಾಪ್‌ಟಾಪಿನಲ್ಲಿ ಉಳಿಯುವ ಲಾಭ ತೆಳು. ಒಂದು ಯಂತ್ರ ಗಲ್ಲಾದ ಕೆಳಗೆ ಉಳಿದರೆ ಹಲವು ಯಂತ್ರದ ಲಾಭ ಅದರೊಂದಿಗೇ ಹೋಯಿತು. ಗಿರಾಕಿಗಳಲ್ಲೂ ಮಹಾನುಭಾವರಿದ್ದಾರೆ. ಕಾಫಿ ಚೆಲ್ಲಿಕೊಂಡು ಒರೆಸಿ, ಒಣಗಿಸಿ, “ತಂದಾಗಿಂದ ಹಿಂಗೇ ಇದೆ” ಎನ್ನುವವರೂ ಉಂಟು.

ಆದರೂ ಊರಿನ ವರ್ತಕರಿಗೆ ದರದಲ್ಲಿ ಆನ್‌ಲೈನಿನವರೊಂದಿಗೆ ಸ್ಪರ್ಧಿಸಲು ಆಗದಿದ್ದರೆ ಮಾತಿನಲ್ಲಿ ಸ್ಪರ್ಧಿಸಲು ಯಾರ ಅಡ್ಡಿ? ‘ವಾಪಸ್ಸಿಲ್ಲ’ ಎಂಬ ಹಳೇ ಮುದ್ರೆ ತೆಗೆದು, ‘ಏಳು ದಿನದೊಳಗೆ ದೋಷ ಕಂಡರೆ ನಾವೇ ಸರ್ವೀಸ್ ಸೆಂಟರಿಗೆ ಕಳಿಸಿ ಬದಲಿ ಕೊಡಿಸುತ್ತೇವೆ’ ಎಂದು ಅಚ್ಚು ಹಾಕಿಸಲಿ. ಗಿರಾಕಿ ಸಾವಿರ ರೂಪಾಯಿ ಹೆಚ್ಚು ಕೊಡಲು ಸಿದ್ಧನಾಗುವುದು ಆ ಒಂದು ಸಾಲಿಗೇ. ಮೈದಾನದ ಒಡೆಯರು ಎಷ್ಟೇ ದೊಡ್ಡವರಾದರೂ ಅಶೋಕ ರಸ್ತೆಯಲ್ಲಿ ಬಾಗಿಲು ತೆಗೆದು ಕೂರಲಾರರು.

ಅಂಗಡಿ ಬಿಡುವ ಮುನ್ನ

ಬಲ್ಲವರು ಹೇಳುವ ಎಚ್ಚರಿಕೆಗಳು ಇಷ್ಟು:

ಡಬ್ಬವನ್ನು ಅಂಗಡಿಯಲ್ಲೇ ಬಿಚ್ಚಿಸಬೇಕು. ಡಬ್ಬದ ಮೇಲಿನ, ಯಂತ್ರದ ತಳದ ಹಾಗೂ ಬಿಲ್ಲಿನ ಸೀರಿಯಲ್ ನಂಬರು ಮೂರೂ ಒಂದೇ ಇರಬೇಕು.

ಆ ನಂಬರನ್ನು ಕಂಪನಿಯ ಅಂತರಜಾಲ ಪುಟದಲ್ಲಿ ಹಾಕಿದರೆ ವಾರಂಟಿ ಯಾವ ದಿನಕ್ಕೆ ಮುಗಿಯುತ್ತದೆಂದು ಕಾಣುತ್ತದೆ. ಇವತ್ತು ಕೊಂಡ ಯಂತ್ರಕ್ಕೆ ಆಗಲೇ ನಾಲ್ಕು ತಿಂಗಳು ಕಳೆದಿದ್ದರೆ, ಬಿಲ್ಲು ತೋರಿಸಿ ದಿನಾಂಕ ಸರಿಪಡಿಸಿಕೊಡುವ ಹೊಣೆ ಯಾರದೆಂದು ಅಲ್ಲೇ ಕೇಳಬೇಕು.

ಪರದೆ ಹೊತ್ತಿಸಿ ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ನೋಡಬೇಕು. ಪರದೆಯಲ್ಲಿ ಒಂದೆರಡು ಚುಕ್ಕಿ ಸತ್ತಿದ್ದರೆ ಅದನ್ನು ದೋಷವೆಂದು ಒಪ್ಪದ ಕಂಪನಿಗಳಿವೆ. ಕೀಲಿಮಣೆ, ಕ್ಯಾಮೆರಾ, ಚಾರ್ಜರು ಎಲ್ಲ ಅಲ್ಲೇ ಪರೀಕ್ಷೆಯಾಗಲಿ.

ಪ್ರದರ್ಶನಕ್ಕೆ ಇಟ್ಟಿದ್ದ ಯಂತ್ರವಾದರೆ ಬೆಲೆ ಇಳಿಯಬೇಕು. ‘ಪ್ರದರ್ಶನದ್ದು’ ಎಂದು ಬಿಲ್ಲಿನಲ್ಲಿ ಬರೆಯಲೂಬೇಕು.

ಅಂಗಡಿಯವರು ಬಾಯಲ್ಲಿ ಹೇಳಿದ ಮಾತು ಯಾವುದೇ ಇರಲಿ, ಬಿಲ್ಲಿನ ಹಿಂದೆ ಬರೆಸಿ ಸಹಿ, ಮೊಹರು ಹಾಕಿಸಬೇಕು. ಬರೆಯಲು ಹಿಂಜರಿದರೆ ಆ ಮಾತಿನ ಬೆಲೆ ಎಷ್ಟೆಂದು ತಿಳಿದ ಹಾಗೆ.

ಡಬ್ಬ, ಥರ್ಮಕೋಲು ಒಂದು ತಿಂಗಳಾದರೂ ಅಟ್ಟದ ಮೇಲಿರಲಿ. ಗುಜರಿಯವನಿಗೆ ಆಮೇಲೆ ಹಾಕಬಹುದು.

ಇಷ್ಟೆಲ್ಲ ನೋಡಲು ಬೇಕಾಗುವುದು ಅರ್ಧ ಗಂಟೆ. ಐನೂರು ರೂಪಾಯಿ ಚೌಕಾಸಿಗೂ ಅಷ್ಟೇ ಹೊತ್ತು ಹಿಡಿಯುತ್ತದೆ. ಎರಡರಲ್ಲಿ ಯಾವ ಅರ್ಧ ಗಂಟೆ ಹೆಚ್ಚು ದುಡಿಯುತ್ತದೆ ಎಂಬುದನ್ನು ವ್ಯಾಪಾರ ಬಲ್ಲ ತುಮಕೂರಿನ ಮಂದಿಗೆ ಬಿಡಿಸಿ ಹೇಳಬೇಕಾಗಿಲ್ಲ.