ಲ್ಯಾಬ್ ಕೆಲಸ: ಸಂಬಳದ ಜೊತೆ ಇದನ್ನೂ ಕೇಳಿ

ಹೊಸೂರು: ಡಿಎಂಎಲ್‌ಟಿ ಮುಗಿಸಿದ ನಮ್ಮ ಕಡೆಯ ಮಕ್ಕಳಿಗೆ ಅತ್ತಿಬೆಲೆ ದಾಟಿದರೆ ಬೆಂಗಳೂರಿನ ಲ್ಯಾಬುಗಳು ಹತ್ತಿರ. ಕೆಲಸ ಸಿಕ್ಕಿತು ಅಂದ ಕೂಡಲೇ ಮನೆಯವರು ಕೇಳುವುದು 'ಸಂಬಳ ಎಷ್ಟು, ನೈಟ್ ಶಿಫ್ಟ್ ಇದೆಯಾ' ಅಂತ. ಇನ್ನೊಂದು ಪ್ರಶ್ನೆಯೂ ಬೇಕು ಎನ್ನುವುದಕ್ಕೆ ಅಮೆರಿಕದ ಥೆರಾನೋಸ್ ಕಂಪನಿಯ ಕತೆಯೇ ಸಾಕ್ಷಿ.

ಬೆರಳ ತುದಿಯ ಕೆಲವೇ ಹನಿ ರಕ್ತದಲ್ಲಿ ಹತ್ತಾರು ಪರೀಕ್ಷೆ ಮಾಡುತ್ತೇವೆ ಎಂದ ಕಂಪನಿ ಅದು. ಕಾಲೇಜು ಮುಗಿಸಿ 2013ರಲ್ಲಿ ಅಲ್ಲಿನ ಲ್ಯಾಬ್ ಸೇರಿದವರು ಎರಿಕಾ ಚೆಂಗ್. ಉತ್ತರ ಮೊದಲೇ ಗೊತ್ತಿರುವ ಮಾದರಿ ಹಾಕಿ ಯಂತ್ರ ಸರಿ ಇದೆಯೇ ನೋಡುವುದಕ್ಕೆ ಕ್ಯೂಸಿ ಎನ್ನುತ್ತಾರೆ. ಅದು ಮತ್ತೆ ಮತ್ತೆ ಫೇಲ್ ಆಗುವುದನ್ನು ಅವರು ಕಂಡರು. ಮೇಲಧಿಕಾರಿ ರಮೇಶ್ ಬಲ್ವಾನಿ ಬಳಿ ಹೇಳಿದರೆ, ನಿನಗೇನು ಗೊತ್ತು ಎನ್ನುವ ಧಾಟಿಯ ಉತ್ತರ ಸಿಕ್ಕಿತು. 2014ರಲ್ಲಿ ಕೆಲಸ ಬಿಟ್ಟ ಅವರು, 2015ರಲ್ಲಿ ಸರ್ಕಾರದ ಲ್ಯಾಬ್ ನಿಯಂತ್ರಕರಿಗೆ ಪತ್ರ ಬರೆದರು. ತಪಾಸಣೆ ನಡೆಯಿತು. 2018ರಲ್ಲಿ ಕಂಪನಿ ಮುಚ್ಚಿತು. 2022ರಲ್ಲಿ ಹೂಡಿಕೆದಾರರಿಗೆ ವಂಚಿಸಿದ ಪ್ರಕರಣದಲ್ಲಿ ಸಂಸ್ಥಾಪಕಿ ಎಲಿಜಬೆತ್ ಹೋಮ್ಸ್‌ಗೆ 11 ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆಯಾಯಿತು.

ರಿಪೋರ್ಟಿನ ಒಂದು ಅಂಕಿ ನೋಡಿ ಡಾಕ್ಟರು ಮಾತ್ರೆ ಬರೆಯುತ್ತಾರೆ. ಹಾಗಾಗಿ ಮಕ್ಕಳನ್ನು ಕೇಳಿ: 'ಕ್ಯೂಸಿ ಫೇಲ್ ಆದ್ರೆ ರಿಪೋರ್ಟ್ ನಿಲ್ಲಿಸ್ತಾರಾ? ನೀನು ಹೇಳಿದ್ರೆ ಕೇಳ್ತಾರಾ, ಬೈತಾರಾ?'