ತಲೆಯ ಲೆಕ್ಕ, ಒಲೆಯ ಲೆಕ್ಕ

ಬೆಂಗಳೂರಿನ ನಂದಿನಿ ಲೇಔಟಿನ ಒಳರಸ್ತೆಯೊಂದರಲ್ಲಿ, ಜನರು ‘ಥರ್ಟಿ ಫಾರ್ಟಿ’ ಎನ್ನುವ ಅಳತೆಯ ನಿವೇಶನದ ಮೇಲೆ ನಿಂತಿರುವ, ನಾನು ಬಹುಕಾಲದಿಂದ ಬಲ್ಲ ಮನೆಯೊಂದರ ಮೆಟ್ಟಿಲಿನಡಿಯ ಗೋಡೆಯಲ್ಲಿ ಏಳು ವಿದ್ಯುತ್ ಮೀಟರುಗಳು ಸಾಲಾಗಿ ಕುಳಿತಿವೆ. ಎಡತುದಿಯದರ ಮರದ ಪೆಟ್ಟಿಗೆ ಮನೆ ಕಟ್ಟಿದ ಕಾಲದ್ದು; ಉಳಿದ ಆರು, ಮಹಡಿಯ ಮೇಲೆ ಮಹಡಿ ಏರಿದಂತೆಲ್ಲ ಒಂದೊಂದಾಗಿ ಬಂದು ಸೇರಿದುವು. ಯಾವುದು ಯಾರದೆಂಬ ಗೊಂದಲ ಬಾರದಿರಲೆಂದು ಮನೆಯ ಯಜಮಾನರು ಪ್ರತಿಯೊಂದರ ಕೆಳಗೂ ಕೆಂಪು ಬಣ್ಣದಲ್ಲಿ ‘ಕೆಳಮನೆ’, ‘ಒಂದು ಮುಂದೆ’, ‘ಒಂದು ಹಿಂದೆ’ ಎಂದು ತಮ್ಮ ದುಂಡನೆಯ ಅಕ್ಷರಗಳಲ್ಲಿ ಬರೆದಿಟ್ಟಿದ್ದಾರೆ. ಒಂದೇ ಮೀಟರು ಇದ್ದ ಕಾಲದಲ್ಲಿ ಆ ಮನೆಯಲ್ಲಿ ಆರು ಮಂದಿ ಇದ್ದರು: ಯಜಮಾನರು, ಅವರ ಪತ್ನಿ, ವೃದ್ಧ ತಾಯಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಬೇಕಾಗಿದ್ದ ತಂಗಿ. ಇಂದು ಏಳು ಮೀಟರುಗಳ ಆಶ್ರಯದಲ್ಲಿ ವಾಸವಾಗಿರುವವರು ಹದಿನಾಲ್ಕು ಮಂದಿ. ಜನರು ಎರಡೂಕಾಲು ಪಟ್ಟಿಗೆ ತುಸು ಮೀರಿ ಹೆಚ್ಚಿದರೆ, ಅಡಿಗೆಮನೆಗಳು ಏಳು ಪಟ್ಟು ಹೆಚ್ಚಿವೆ.

ಈ ಸಣ್ಣ ಗಣಿತವನ್ನು ನಾನು ಮೊದಲಿಗೇ ಮುಂದಿಡುವುದಕ್ಕೆ ಕಾರಣವುಂಟು. ಲೋಕದ ಜನಸಂಖ್ಯೆಗೂ ಮನೆ ಮತ್ತು ನಿವೇಶನಗಳ ಬೇಡಿಕೆಗೂ ಇರುವ ಸಂಬಂಧದ ಮಾತು ಬಂದಾಗಲೆಲ್ಲ ನಾವು ತಲೆಗಳನ್ನು ಎಣಿಸುತ್ತೇವೆ, ಒಲೆಗಳನ್ನು ಎಣಿಸುವುದಿಲ್ಲ. 2022ರ ನವೆಂಬರ್ 15ರಂದು ಭೂಮಂಡಲದ ಜನಸಂಖ್ಯೆ 800 ಕೋಟಿಯನ್ನು ಮುಟ್ಟಿತೆಂದು ವಿಶ್ವಸಂಸ್ಥೆ ಸಾರಿತು; ಮರುವರ್ಷ, ಅದೇ ಸಂಸ್ಥೆಯ ಅಂದಾಜಿನಂತೆ, ಭಾರತವು ಚೀನಾವನ್ನು ಹಿಂದೆ ಹಾಕಿ ಅತ್ಯಂತ ಜನಭರಿತ ರಾಷ್ಟ್ರವಾಯಿತು. ಸೈಟು ಮಾರುವವರ ಬಾಯಲ್ಲಿ ಈ ಅಂಕಿಗಳು ಬಹುಬೇಗ ಮಂತ್ರವಾದುವು. ಜನ ಹೆಚ್ಚುತ್ತಲೇ ಇರುವರು, ಭೂಮಿಯೋ ಒಂದಂಗುಲವೂ ಬೆಳೆಯಲಾರದು, ಆದುದರಿಂದ ಇಂದು ಕೊಂಡ ನಿವೇಶನ ಎಂದೆಂದಿಗೂ ಏರುವ ಸಂಪತ್ತು ಎಂಬ ತರ್ಕವನ್ನು ಬೆಂಗಳೂರಿನ ಪಶ್ಚಿಮ ಭಾಗದ ಯಾವ ಕಾಫಿ ಹೋಟೆಲಿನಲ್ಲಾದರೂ ಕೇಳಬಹುದು. ಅದೇ ವಿಶ್ವಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಲೋಕದ ಜನಸಂಖ್ಯೆ ಸುಮಾರು 1,030 ಕೋಟಿಗೆ ಏರಿ, 2080ರ ದಶಕದ ನಡುವಿನಲ್ಲಿ ಶಿಖರವನ್ನು ಮುಟ್ಟಿ, ಅನಂತರ ಇಳಿಯತೊಡಗುವುದೆಂಬ ಮಾತು ಮಾತ್ರ ಆ ಹೋಟೆಲುಗಳಿಗೆ ಇನ್ನೂ ತಲಪಿದಂತಿಲ್ಲ.

ಹಾಗಾದರೆ ಬೇಡಿಕೆಯೂ ಇಳಿಯುವುದೇ? ಇಂಥದೇ ಪ್ರಶ್ನೆಯನ್ನು ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು, ಗ್ರೆಗರಿ ಮ್ಯಾಂಕಿವ್ ಮತ್ತು ಡೇವಿಡ್ ವೈಲ್, 1989ರಲ್ಲಿ ತಮ್ಮ ದೇಶದ ಮಟ್ಟಿಗೆ ಎತ್ತಿದ್ದರು. ಶಿಶುವೊಂದು ಹುಟ್ಟಿದೊಡನೆ ಮನೆಯೊಂದು ಬೇಕಾಗುವುದಿಲ್ಲ. ಆ ಶಿಶು ಬೆಳೆದು ಇಪ್ಪತ್ತರಿಂದ ಮೂವತ್ತರ ಪ್ರಾಯಕ್ಕೆ ಕಾಲಿಟ್ಟು ಸ್ವತಂತ್ರ ಸಂಸಾರ ಹೂಡುವಾಗಲೇ ಅದರ ಬೇಡಿಕೆ ಪೇಟೆಗೆ ಬರುತ್ತದೆ ಎಂಬ ಅವರ ಮೂಲಸೂತ್ರ ಅತ್ಯಂತ ಸಮರ್ಪಕವಾದುದು. ಆದರೆ ಅದರ ಮೇಲೆ ಅವರು ಕಟ್ಟಿದ ಭವಿಷ್ಯವಾಣಿ, ಎಂದರೆ ಎರಡನೆಯ ಮಹಾಯುದ್ಧಾನಂತರದ ಜನನಪ್ರವಾಹ ತಗ್ಗಿದ ಕಾರಣ ಮುಂದಿನ ಎರಡು ದಶಕಗಳಲ್ಲಿ ಮನೆಗಳ ನೈಜ ಬೆಲೆ ಅರ್ಧದಷ್ಟು ಕುಸಿಯುವುದೆಂಬುದು, ಸಂಪೂರ್ಣ ಸುಳ್ಳಾಯಿತು; 2006ರ ವೇಳೆಗೆ ಅಲ್ಲಿ ಬೆಲೆ ಬಹಳ ಏರಿತ್ತು. ಸಾಲ ಸುಲಭವಾಯಿತು, ಬಡ್ಡಿ ಇಳಿಯಿತು, ಮನೆಯು ವಾಸಸ್ಥಾನವಾಗಿರುವುದಕ್ಕಿಂತ ಹೆಚ್ಚಾಗಿ ಹೂಡಿಕೆಯ ವಸ್ತುವಾಯಿತು. ಜನಸಂಖ್ಯೆಯೊಂದನ್ನೇ ಹಿಡಿದು ಬೆಲೆಯ ಜಾತಕ ಬರೆಯಹೊರಟವರಿಗೆ ಈ ಪ್ರಸಂಗ ಒಂದು ಎಚ್ಚರಿಕೆ. ಆದರೂ ಯಾರು, ಯಾವ ಪ್ರಾಯದವರು, ಎಷ್ಟು ಮಂದಿ ಕೂಡಿ ಬಾಳುವವರು ಎಂದು ಕೇಳುವುದನ್ನು ಮ್ಯಾಂಕಿವ್ ಮತ್ತು ವೈಲ್ ಅವರಿಂದ ನಾವು ಕಲಿಯಬೇಕು.

ಬೆಂಗಳೂರಿನ ಪೂರ್ವಕಥೆಯಲ್ಲಿ ತಲೆಯೆಣಿಕೆಯೇ ಬಹುಮಟ್ಟಿಗೆ ಸಾಕಾಗುತ್ತಿತ್ತು. 1898ರ ಪ್ಲೇಗಿನ ಭೀತಿಯಲ್ಲಿ ಪೇಟೆಯ ಇಕ್ಕಟ್ಟಿನಿಂದ ಹೊರಬಿದ್ದವರಿಗಾಗಿ ಮಲ್ಲೇಶ್ವರ, ಬಸವನಗುಡಿಗಳು ರೂಪುಗೊಂಡುವು. 1941ರಲ್ಲಿ ನಾಲ್ಕು ಲಕ್ಷದ ಆಸುಪಾಸಿನಲ್ಲಿದ್ದ ನಗರದ ಜನ, ಯುದ್ಧಕಾಲದ ಕಾರ್ಖಾನೆಗಳ ಸೆಳೆತದಿಂದ, ಹತ್ತೇ ವರ್ಷಗಳಲ್ಲಿ ಎಂಟು ಲಕ್ಷದ ಸಮೀಪಕ್ಕೆ ಬಂದರು. ಆ ಒತ್ತಡದ ನಡುವೆ 1945ರಲ್ಲಿ ನಗರಾಭಿವೃದ್ಧಿ ಮಂಡಳಿ ಸ್ಥಾಪಿತವಾಯಿತು, 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿತ್ತು. 1971ರಿಂದ 1981ರ ವರೆಗಿನ ದಶಕವಂತೂ ಅಸಾಮಾನ್ಯವಾದುದು: ಹದಿನಾರೂವರೆ ಲಕ್ಷದಷ್ಟಿದ್ದ ಜನಸಂಖ್ಯೆ ಇಪ್ಪತ್ತೊಂಬತ್ತು ಲಕ್ಷವನ್ನು ದಾಟಿತು. ಮಂಡಳಿಯ ಸ್ಥಾನದಲ್ಲಿ ಅಭಿವೃದ್ಧಿ ಪ್ರಾಧಿಕಾರವು ಅಸ್ತಿತ್ವಕ್ಕೆ ಬಂದುದು ಆ ದಶಕದಲ್ಲೇ, 1976ರಲ್ಲಿ. ರಾಜಾಜಿನಗರದಾಚೆಗೆ ಮಹಾಲಕ್ಷ್ಮೀ ಬಡಾವಣೆ, ಕುರುಬರಹಳ್ಳಿಯ ಸುತ್ತಣ ನೆಲ, ನಂದಿನಿ ಲೇಔಟು ಎಂದು ನಗರವು ವಾಯವ್ಯದತ್ತ ಹಾಸಿಕೊಂಡುದರ ಹಿಂದೆ ಇದ್ದ ಶಕ್ತಿ ಇದೇ. 2011ರ ಗಣತಿಯ ವೇಳೆಗೆ ಮಹಾನಗರದ ಜನ 85 ಲಕ್ಷವಾಗಿದ್ದರು.

ಈ ಬೆಳವಣಿಗೆಯನ್ನು ತೊಟ್ಟಿಲುಗಳ ಬೆಳವಣಿಗೆಯೆಂದು ತಿಳಿಯುವುದು ತಪ್ಪು. ತೊಟ್ಟಿಲಿನ ವಿಷಯದಲ್ಲಿ ಕನ್ನಡನಾಡು ಬಹಳ ಹಿಂದೆಯೇ ವಿವೇಚನೆಗೆ ತೊಡಗಿತ್ತು. 1930ರಷ್ಟು ಹಿಂದೆಯೇ, ಲೋಕದ ಬಹುಭಾಗದಲ್ಲಿ ಈ ಮಾತನ್ನೆತ್ತುವುದೇ ಅಸಭ್ಯವೆನಿಸಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ಸರ್ಕಾರ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿಸಿತೆಂಬುದು ನಾವು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಣ್ಣುಮಕ್ಕಳು ಸರಾಸರಿ ಹೆರುವುದು 1.7 ಮಕ್ಕಳನ್ನು, ಒಂದು ತಲೆಮಾರು ತನ್ನ ಸ್ಥಾನವನ್ನು ತಾನೇ ತುಂಬಿಕೊಳ್ಳಲು ಬೇಕಾದ 2.1ಕ್ಕಿಂತ ಇದು ಸ್ಪಷ್ಟವಾಗಿ ಕಡಿಮೆ. ಬೆಂಗಳೂರು ಬೆಳೆದುದು ಹುಟ್ಟಿದವರಿಗಿಂತ ಬಂದವರಿಂದ. 2001ರಿಂದ 2011ರ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನ ಶೇಕಡ 47ರಷ್ಟು ಹೆಚ್ಚಿದಾಗ, ಚಿಕ್ಕಮಗಳೂರು ಜಿಲ್ಲೆಯ ಜನ ಹೆಚ್ಚುವುದಿರಲಿ, 11,40,905ರಿಂದ 11,37,961ಕ್ಕೆ ಇಳಿದಿದ್ದರು. ಮಲೆನಾಡಿನಲ್ಲಿ ಅಜ್ಜ ಅಜ್ಜಿಯರಿಬ್ಬರೇ ದೀಪ ಹಚ್ಚುವ ಹತ್ತಂಕಣದ ಮನೆಗಳನ್ನೂ ಇಲ್ಲಿ ಹತ್ತಡಿ ಕೋಣೆಗಾಗಿ ಸಾಲು ನಿಲ್ಲುವವರನ್ನೂ ಒಟ್ಟಿಗೆ ನೋಡದೆ ಈ ಬೇಡಿಕೆಯ ಸ್ವರೂಪ ತಿಳಿಯುವಂತಿಲ್ಲ.

ಇಲ್ಲಿಗೆ ಬರುವವರು ಯಾರು? ಉತ್ತರಕ್ಕೆ ಪೀಣ್ಯದ ಕೈಗಾರಿಕಾ ಪ್ರದೇಶ, ಪಕ್ಕದಲ್ಲಿ ಲಗ್ಗೆರೆ, ಮಗ್ಗುಲಲ್ಲೇ ಹೊರವರ್ತುಲ ರಸ್ತೆ, ಡಾ. ರಾಜಕುಮಾರರ ಸಮಾಧಿಯಿರುವ ಕಂಠೀರವ ಸ್ಟುಡಿಯೊ, 2014ರ ಮಾರ್ಚಿನಿಂದ ಗೊರಗುಂಟೆಪಾಳ್ಯದ ಮೆಟ್ರೊ ನಿಲ್ದಾಣ: ಇವುಗಳ ನಡುವೆ ಸಿಕ್ಕಿರುವ ನಂದಿನಿ ಲೇಔಟಿಗೆ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಲೇತು ನಡೆಸುವ ಹುಡುಗರು, ಆಸ್ಪತ್ರೆಯ ದಾದಿಯರು, ಪರೀಕ್ಷೆಗೆ ಓದುವ ಪದವೀಧರರು ದಿನವೂ ಮನೆ ಹುಡುಕಿಕೊಂಡು ಬರುತ್ತಾರೆ. ನಾನು ಮೊದಲು ಹೇಳಿದ ಮನೆಯ ಗೇಟಿಗೆ ತಂತಿಯಲ್ಲಿ ಬಿಗಿದಿದ್ದ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆಯನ್ನು ಕಂಡು, ಒಂದು ಭಾನುವಾರ ಸಿಂಧನೂರಿನ ಕಡೆಯ ತಾಯಿ ಮಗಳು ಬಾಗಿಲಲ್ಲಿ ನಿಂತಿದ್ದರು. ಆಗ ನಾನು ಒಳಗೆ ಕುಳಿತಿದ್ದೆ.

‘ಎಷ್ಟು ಜನ ಇರ್ತೀರಮ್ಮ?’ ಎಂದರು ಮನೆಯ ಯಜಮಾನಿ.

‘ನಮ್ಮ ಹುಡುಗಿ, ಮತ್ತ ಆಕಿ ಗೆಳತಿ, ಇಬ್ಬರ ಇರ್ತಾರ್ರಿ ಅಮ್ಮಾರ. ನಾ ನಾಳಿಗೆ ಊರಿಗೆ ಹೋಗ್ತೀನ್ರಿ.’

ಯಜಮಾನಿ ಬೀಗದ ಕೈ ತೆಗೆದುಕೊಂಡು ಮೆಟ್ಟಿಲು ಹತ್ತಿದರು. ‘ಎಷ್ಟು ಜನ’ ಎಂಬ ಆ ಪ್ರಶ್ನೆಯನ್ನು ಅವರು ಮೂವತ್ತು ವರ್ಷಗಳಿಂದ ಕೇಳುತ್ತಿದ್ದಾರೆ. ಮೊದಮೊದಲು ‘ಐದು’, ‘ಆರು’ ಎಂಬ ಉತ್ತರ ಬರುತ್ತಿತ್ತೆಂದೂ, ಬರಬರುತ್ತ ಅದು ‘ನಾಲ್ಕು’ ಆಯಿತೆಂದೂ, ಈಚೆಗೆ ‘ಇಬ್ಬರು’, ‘ಒಬ್ಬಳೇ’ ಎಂಬುದನ್ನು ಬಿಟ್ಟು ಬೇರೆ ಉತ್ತರವನ್ನೇ ತಾವು ಕೇಳಿಲ್ಲವೆಂದೂ ಅವರು ಇಳಿದುಬಂದ ಮೇಲೆ ನನಗೆ ಹೇಳಿದರು. ಜನಸಂಖ್ಯಾಶಾಸ್ತ್ರದ ಸಾರವೇ ಅವರ ಆ ಮಾತಿನಲ್ಲಿತ್ತು. ಕೂಡುಕುಟುಂಬದಿಂದ ಸಿಡಿದವರನ್ನು ‘ಬೇರೆ ಒಲೆ ಹೂಡಿದರು’ ಎಂದು ನಮ್ಮ ಹಿರಿಯರು ಕೊಂಚ ನೋವಿನಿಂದಲೇ ಹೇಳುತ್ತಿದ್ದರು. ಈಗ ನಗರವೆಲ್ಲ ಬೇರೆ ಒಲೆಗಳಿಂದಲೇ ಬೆಳೆಯುತ್ತಿದೆ.

ತಲೆಗಳು ಕಡಿಮೆಯಾಗುತ್ತಿರುವಾಗಲೂ ಒಲೆಗಳು ಹೆಚ್ಚಬಲ್ಲುವೆಂಬುದಕ್ಕೆ ಜಪಾನ್ ಸಾಕ್ಷಿ. ಆ ದೇಶದ ಜನಸಂಖ್ಯೆ 2008ರ ಸುಮಾರಿನಲ್ಲಿ ಶಿಖರವನ್ನು ಮುಟ್ಟಿ ಇಳಿಯತೊಡಗಿತು. ಸಂಸಾರಗಳ ಸಂಖ್ಯೆಯಾದರೋ ಅನಂತರವೂ ಏರುತ್ತಲೇ ಹೋಯಿತು. 2020ರ ಗಣತಿಯಲ್ಲಿ ಅಲ್ಲಿನ ಸಂಸಾರಗಳಲ್ಲಿ ಶೇಕಡ 38ರಷ್ಟು ಒಂಟಿ ಜೀವಗಳವು. ಹೀಗಿದ್ದೂ 2023ರ ಸರ್ಕಾರಿ ಸಮೀಕ್ಷೆಯಲ್ಲಿ ಸುಮಾರು 90 ಲಕ್ಷ ಮನೆಗಳು ಬರಿದಾಗಿರುವುದು ಕಂಡುಬಂದಿತು. ಹಳ್ಳಿಯ ತಂದೆತಾಯಿಯರು ತೀರಿಕೊಂಡ ಮೇಲೆ ಟೋಕಿಯೊದಲ್ಲಿ ನೆಲಸಿದ ಮಕ್ಕಳು ಆ ಮನೆಗೆ ಹಿಂದಿರುಗರು, ಮಾರಹೋದರೆ ಕೊಳ್ಳುವವರಿಲ್ಲ. ಒಂದೇ ದೇಶದಲ್ಲಿ ಒಂದೆಡೆ ಬೇಡಿಕೆ, ಒಂದೆಡೆ ಶೂನ್ಯ. ಇದನ್ನು ದೂರದ ದೇಶದ ವಿಚಿತ್ರವೆಂದು ತಳ್ಳಿಹಾಕುವಂತಿಲ್ಲ. 2011ರ ನಮ್ಮ ಗಣತಿಯಲ್ಲಿಯೇ ಭಾರತದಾದ್ಯಂತ 2 ಕೋಟಿ 46 ಲಕ್ಷ ಕಟ್ಟಡಗಳು ಖಾಲಿಯೆಂದು ದಾಖಲಾಗಿದ್ದುವು. ತಕ್ಕ ಸೂರಿಲ್ಲದವರು ಕೋಟಿಗಟ್ಟಲೆ ಇರುವ ನಾಡಿನಲ್ಲಿ ಈ ಅಂಕಿಯನ್ನು ಓದಿದಾಗ ಸಂಕಟವಾಗುತ್ತದೆ.

ನನ್ನ ಕಳವಳ ಮುಂದಿನ ಮೂವತ್ತು ವರ್ಷಗಳದ್ದು. ನಂದಿನಿ ಲೇಔಟಿನಲ್ಲಿ ಇಂದು ಕಟ್ಟುತ್ತಿರುವ ಮಹಡಿಗಳೆಲ್ಲ ಇಪ್ಪತ್ತೈದರ ಪ್ರಾಯದವರಿಗಾಗಿ: ಎರಡೂವರೆ ಅಡಿಯ ಕಡಿದಾದ ಮೆಟ್ಟಿಲು, ಪಕ್ಕದ ಮನೆಯ ಗೋಡೆಗೆ ಕೈ ತಾಗುವ ಕಿಟಕಿ, ಹಗಲಲ್ಲಿಯೂ ದೀಪ ಬೇಡುವ ಅಡಿಗೆಮನೆ. ಜನನ ಕುಗ್ಗಿದ ಸಮಾಜದಲ್ಲಿ ಮುಪ್ಪು ಬೇಗ ಹಿಗ್ಗುತ್ತದೆ. 2011ರಲ್ಲಿಯೇ ಕರ್ನಾಟಕದ ನೂರು ಜನರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಅರವತ್ತನ್ನು ದಾಟಿದವರಿದ್ದರು. ಈಗಲೇ ಈ ಬಡಾವಣೆಯಲ್ಲಿ ಕೆಳಮನೆಗೆ ಇರುವ ಹಂಬಲ ಮೂರನೆಯ ಮಹಡಿಗಿಲ್ಲ. ಮಂಡಿನೋವಿನ ತಂದೆಯನ್ನು ಊರಿನಿಂದ ಕರೆತಂದವರು ‘ಕೆಳಗಡೆ ಇದ್ದರೆ ಹೇಳಿ’ ಎಂದು ಬೀದಿ ಬೀದಿ ಅಲೆಯುವುದನ್ನು ನಾನು ನೋಡುತ್ತಿದ್ದೇನೆ. ಏಳು ಅಡಿಗೆಮನೆಗಳಿಗೆ ಒಂದೇ ಸಂಪು, ಅದಕ್ಕೆ ನೂರು ಕಿಲೋಮೀಟರು ದೂರದಿಂದ ಬರಬೇಕಾದ ಕಾವೇರಿ. 2024ರ ಬೇಸಿಗೆಯಲ್ಲಿ ನಗರವು ಕೊಡ ಹಿಡಿದು ನಿಂತುದನ್ನು ಮರೆಯುವಂತಿಲ್ಲ. ನಿವೃತ್ತಿಯ ಹಣವನ್ನೆಲ್ಲ ಸುರಿದು, ಮೇಲೆ ಸಾಲವನ್ನೂ ತೆಗೆದು, ನಾಲ್ಕನೆಯ ಮಹಡಿಗೆ ಕೈಹಾಕುವವರನ್ನು ಕಂಡಾಗ, ಲೋಕದ ಜನಸಂಖ್ಯೆಯನ್ನು ನಂಬಿ ಹಣ ಹೂಡಬೇಡಿರಿ, ನಿಮ್ಮ ಬೀದಿಗೆ ಬರುವವರ ವಯಸ್ಸನ್ನು ನೋಡಿ ಮನೆ ಕಟ್ಟಿರಿ, ಒಂದು ಕೋಣೆ ಕಡಿಮೆಯಾದರೂ ಗಾಳಿ ಬೆಳಕಿಗೆ ಮೂರಡಿ ಬಿಡಿರಿ ಎಂದು ಕೈಮುಗಿದು ಕೇಳಬೇಕೆನಿಸುತ್ತದೆ. ಕಟ್ಟಡದ ಆಯುಷ್ಯ ಬಾಡಿಗೆದಾರನ ಯೌವನಕ್ಕಿಂತ ದೀರ್ಘವಾದುದು.

ಆ ಏಳು ಮೀಟರುಗಳಲ್ಲಿ ‘ಎರಡು ಮುಂದೆ’ ಎಂದು ಬರೆದಿರುವುದರ ಅಂಕಿ ತಿಂಗಳುಗಟ್ಟಲೆ ಕದಲುವುದಿಲ್ಲ. ಅದು ಕಿರಿಯ ಮಗನಿಗಾಗಿ ಕಟ್ಟಿಸಿದ ಮನೆ. ಟೀಕ್ ಮರದ ಬಾಗಿಲು ಇರುವುದು ಅದೊಂದಕ್ಕೇ. ಮಗ ಕೆನಡಾದಲ್ಲಿದ್ದಾನೆ. ಎರಡು ವರ್ಷಕ್ಕೊಮ್ಮೆ ಬಂದು ಹದಿನೈದು ದಿನ ಇದ್ದು ಹೋಗುತ್ತಾನೆ. ಬಾಡಿಗೆಗೆ ಕೊಟ್ಟರೆ ಕೈಗೆ ಹಣ ಬರುವುದೆಂದು ಹಿರಿಯ ಮಗನೂ ನೆರೆಯವರೂ ಹೇಳಿ ಸೋತಿದ್ದಾರೆ. ಯಜಮಾನಿ ಪ್ರತಿ ಶುಕ್ರವಾರ ಬಾಗಿಲು ತೆರೆದು, ಕಸ ಗುಡಿಸಿ, ಹೊಸ್ತಿಲಿಗೆ ಅರಿಸಿನ ಕುಂಕುಮವಿಟ್ಟು ಮತ್ತೆ ಬೀಗ ಹಾಕುತ್ತಾರೆ. 2021ರಲ್ಲಿ ನಡೆಯದೆ ಹೋದ ಜನಗಣತಿಗೆ ಈಗ 2027ರ ಮಾರ್ಚ್ 1 ಆಧಾರದಿನವೆಂದು ಗೊತ್ತಾಗಿದೆ. ತಲೆಗಳನ್ನು ಎಣಿಸುವ ಮೊದಲು ಮನೆಗಳ ಪಟ್ಟಿಯಾಗುತ್ತದೆಯೆಂದು ನಾನು ಮಾತಿನ ನಡುವೆ ಹೇಳಿದಾಗ ಯಜಮಾನರು ಮೀಟರುಗಳ ಸಾಲನ್ನೊಮ್ಮೆ ನೋಡಿ, ‘ಹಾಗಾದ್ರೆ ಅದನ್ನ ಖಾಲಿ ಅಂತ ಬರೆಸಬೇಕಾ?’ ಎಂದು ಕೇಳಿದರು. ಒಳಗಿನಿಂದ ಯಜಮಾನಿಯೇ ಉತ್ತರ ಕೊಟ್ಟರು: ‘ಖಾಲಿ ಯಾಕೆ? ಅವನ ಬಟ್ಟೆಯೆಲ್ಲ ಬೀರುವಲ್ಲೇ ಇದೆ.’