ವಿದ್ಯುತ್ ನೌಕರರ ಪಿಂಚಣಿ ಮತ್ತು ಉದ್ಯಮಿಯ ವಿದ್ಯುತ್ ಬಿಲ್ಲು

2025ರ ಏಪ್ರಿಲ್‌ನಿಂದ ರಾಜ್ಯದ ವಿದ್ಯುತ್ ಬಿಲ್ಲುಗಳಲ್ಲಿ ಹೊಸ ಬಾಬೊಂದು ಸೇರ್ಪಡೆಯಾಯಿತು. ಅದು ಪಿಂಚಣಿ ಮತ್ತು ಉಪದಾನದ ಸರ್‌ಚಾರ್ಜ್. ವಿದ್ಯುತ್ ನೌಕರರ ನಿವೃತ್ತಿ ವೇತನಕ್ಕೆ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಏಕೆ ಹಣ ತೆರಬೇಕು ಎಂಬ ಪ್ರಶ್ನೆ ಸಹಜವಾದುದೇ. ಉತ್ತರಕ್ಕಾಗಿ ಕಾಲು ಶತಮಾನ ಹಿಂದಕ್ಕೆ ಹೋಗಬೇಕಾಗುತ್ತದೆ.

ಮಂಡಳಿಯಿಂದ ಕಂಪನಿಗೆ

1957ರಲ್ಲಿ ರಚನೆಯಾದ ವಿದ್ಯುಚ್ಛಕ್ತಿ ಮಂಡಳಿಯ ನೌಕರರಿಗೆ ಸರ್ಕಾರಿ ನೌಕರರಂತೆಯೇ ಪಿಂಚಣಿ ಸೌಲಭ್ಯವಿತ್ತು. 1999ರ ಸುಧಾರಣಾ ಕಾಯಿದೆಯನ್ವಯ ಮಂಡಳಿಯು ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವಾಗಿ ಮಾರ್ಪಟ್ಟಿತು. 2002ರಲ್ಲಿ ವಿತರಣಾ ಕಾರ್ಯವು ಪ್ರತ್ಯೇಕ ಸರಬರಾಜು ಕಂಪನಿಗಳಿಗೆ ವರ್ಗವಾಯಿತು. ಆಗ ನೌಕರರನ್ನು ಕಾಡಿದ ಆತಂಕ ಒಂದೇ: ಮಂಡಳಿ ಕಂಪನಿಯಾದೀತು, ಕಂಪನಿ ಮುಂದೆ ಖಾಸಗಿಯವರ ಪಾಲಾದೀತು; ಹಾಗಾದಲ್ಲಿ ದುಡಿದ ವರ್ಷಗಳ ಪಿಂಚಣಿಗೆ ಹೊಣೆ ಯಾರು?

ಈ ಆತಂಕವನ್ನು ನಿವಾರಿಸದೆ ಸುಧಾರಣೆ ಮುಂದುವರಿಯುವುದು ಸಾಧ್ಯವಿರಲಿಲ್ಲ. ಆದ್ದರಿಂದ ಸರ್ಕಾರ, ನಿಗಮ ಹಾಗೂ ನೌಕರರ ಸಂಘಟನೆಗಳ ನಡುವೆ ತ್ರಿಪಕ್ಷೀಯ ಒಪ್ಪಂದವಾಯಿತು. ಪಿಂಚಣಿ ಮತ್ತು ಉಪದಾನದ ಪಾವತಿಗೆಂದು ಪ್ರತ್ಯೇಕ ಟ್ರಸ್ಟ್ ಸ್ಥಾಪನೆಗೊಂಡಿತು. ವರ್ಗಾವಣೆಗೊಂಡ ನೌಕರರ ಸೇವಾ ಷರತ್ತುಗಳು ಮೊದಲಿಗಿಂತ ಯಾವ ರೀತಿಯಲ್ಲೂ ಕಡಿಮೆಯಾಗಕೂಡದೆಂದು 2003ರ ವಿದ್ಯುಚ್ಛಕ್ತಿ ಕಾಯಿದೆಯ 133ನೇ ಪ್ರಕರಣವೂ ವಿಧಿಸಿದೆ.

ಹಣದ ಮೂಲ

ಟ್ರಸ್ಟಿಗೆ ಹಣ ಎರಡು ಕಡೆಯಿಂದ ಬರಬೇಕು: ಒಂದು ಕಂಪನಿಗಳ ವಂತಿಗೆ, ಇನ್ನೊಂದು ಸರ್ಕಾರದ ಪಾಲು. ಕಂಪನಿಗಳ ವಂತಿಗೆಯು ನೌಕರ ವೆಚ್ಚದ ಭಾಗವಾಗಿ ಮೊದಲಿನಿಂದಲೂ ವಿದ್ಯುತ್ ದರದಲ್ಲಿ ಅಡಕವಾಗಿತ್ತು. ಸರ್ಕಾರದ ಪಾಲನ್ನೂ ಗ್ರಾಹಕರಿಂದಲೇ ವಸೂಲು ಮಾಡಬೇಕೆಂಬ ಸರ್ಕಾರದ ನಿರ್ಧಾರವು ವಿವಾದಕ್ಕೆ ಕಾರಣವಾಗಿ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಮಾರ್ಚ್‌ನಲ್ಲಿ ಹೈಕೋರ್ಟ್ ನೀಡಿದ ತೀರ್ಪಿನ ತರುವಾಯ, 2025ರ ಮಾರ್ಚ್‌ನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಪ್ರತಿ ಯೂನಿಟ್ಟಿಗೆ 2025-26ರಲ್ಲಿ 36 ಪೈಸೆ, 2026-27ರಲ್ಲಿ 35 ಪೈಸೆ ಹಾಗೂ 2027-28ರಲ್ಲಿ 34 ಪೈಸೆ ಸರ್‌ಚಾರ್ಜ್ ನಿಗದಿಪಡಿಸಿತು.

ತಿಂಗಳಿಗೆ 5,000 ಯೂನಿಟ್ ಬಳಸುವ ಒಂದು ಸಣ್ಣ ಘಟಕಕ್ಕೆ ಮೊದಲ ವರ್ಷದಲ್ಲಿ ತಿಂಗಳಿಗೆ 1,800 ರೂಪಾಯಿ, ಅಂದರೆ ವರ್ಷಕ್ಕೆ 21,600 ರೂಪಾಯಿ ಹೊರೆ ಬೀಳುತ್ತದೆ. ಮೂರು ವರ್ಷಗಳಲ್ಲಿ ಒಟ್ಟು 63,000 ರೂಪಾಯಿ. ಈ ಬಾಬು ನಿಗದಿತ ಶುಲ್ಕದಂತಲ್ಲ, ಬಳಕೆಯೊಡನೆ ಏರಿಳಿಯುತ್ತದೆ. ಆದ್ದರಿಂದ ಜಾಬ್‌ವರ್ಕ್ ದರ ಒಪ್ಪಿಕೊಳ್ಳುವಾಗ ಇದನ್ನು ಪ್ರತಿ ನಗದ ಉತ್ಪಾದನಾ ವೆಚ್ಚದಲ್ಲಿಯೇ ಸೇರಿಸಿಕೊಳ್ಳುವುದು ಸೂಕ್ತ.

ನೌಕರರ ಇಂದಿನ ಆತಂಕ

ಇಷ್ಟಾಗಿಯೂ ನೌಕರರ ಆತಂಕ ಶಮನಗೊಂಡಿಲ್ಲ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದೀಚೆಗೆ ಸೇವೆಗೆ ಸೇರಿದವರು ಹೊಸ ಪಿಂಚಣಿ ಯೋಜನೆಗೆ ಒಳಪಡುತ್ತಾರೆ. ಹಳೆಯ ಪದ್ಧತಿಯಲ್ಲಿ ಪಿಂಚಣಿಯ ಮೊತ್ತ ಖಚಿತ. ತುಟ್ಟಿಭತ್ಯೆಯೊಡನೆ ಅದು ಏರುತ್ತದೆ. ಹೊಸದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಷ್ಟು ನೌಕರನ ಸಂಬಳದಿಂದ ಕಡಿತವಾಗುತ್ತದೆ. ಕೊನೆಗೆ ಕೈಸೇರುವುದು ಮಾರುಕಟ್ಟೆ ತಂದಷ್ಟೇ. ಒಂದೇ ಕಂಬದಲ್ಲಿ ಕೆಲಸ ಮಾಡುವ ಇಬ್ಬರು ಲೈನ್‌ಮನ್‌ಗಳಲ್ಲಿ ಒಬ್ಬನ ವೃದ್ಧಾಪ್ಯ ಭದ್ರ, ಇನ್ನೊಬ್ಬನದು ಅನಿಶ್ಚಿತ. ಗುತ್ತಿಗೆಯ ಮೇಲೆ ದುಡಿಯುವವನಿಗೆ ಈ ಎರಡೂ ಇಲ್ಲ.

ಇದರ ಜೊತೆಗೆ ಖಾಸಗೀಕರಣದ ಭೀತಿಯೂ ಇದೆ. ಚಂಡೀಗಢದಲ್ಲಿ ವಿತರಣೆಯ ಖಾಸಗೀಕರಣವನ್ನು ವಿರೋಧಿಸಿ 2022ರ ಫೆಬ್ರವರಿಯಲ್ಲಿ ನೌಕರರು ಮುಷ್ಕರ ಹೂಡಿದಾಗ ನಗರದ ಅನೇಕ ಭಾಗಗಳು ಕತ್ತಲಲ್ಲಿ ಮುಳುಗಿದವು. ಅಗತ್ಯ ಸೇವೆಗಳ ನಿರ್ವಹಣಾ ಕಾಯಿದೆಯನ್ನು ಜಾರಿಗೊಳಿಸಬೇಕಾಯಿತು. ಆದರೂ 2025ರ ಫೆಬ್ರವರಿಯಲ್ಲಿ ಅಲ್ಲಿನ ವಿತರಣೆ ಖಾಸಗಿ ಕಂಪನಿಯ ಕೈಸೇರಿತು. ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಿಲ್ಲವೆಂದು ತಮಿಳುನಾಡಿನ ಪ್ರಕರಣದಲ್ಲಿ 2003ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿತ್ತು. ಹೀಗಾಗಿ ನೌಕರ ಸಂಘಟನೆಗಳಿಗೆ ಬೀದಿಯ ಹೋರಾಟಕ್ಕಿಂತ ಲಿಖಿತ ಒಪ್ಪಂದವೇ ದೊಡ್ಡ ಆಸರೆ.

ಉದ್ಯಮಿಗಳ ನಿಲುವು

ಪಿಂಚಣಿಯು ದಯೆಯ ದಾನವಲ್ಲ, ಸಲ್ಲಿಸಿದ ಸೇವೆಗೆ ಪ್ರತಿಯಾಗಿ ದೊರೆಯುವ ಹಕ್ಕು ಎಂದು 1982ರ ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದಕಾರಣ ನಿವೃತ್ತರಿಗೆ ಹಣ ಸಲ್ಲಬೇಕೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಸರ್ಕಾರ ತಾನೇ ಒಪ್ಪಿಕೊಂಡ ಪಾಲನ್ನು ತನ್ನ ಆಯವ್ಯಯದಿಂದ ಭರಿಸಬೇಕೇ, ಅಥವಾ ಅದನ್ನು ಯೂನಿಟ್ ಲೆಕ್ಕದಲ್ಲಿ ಉತ್ಪಾದಕನ ಮೇಲೆ ಹೊರಿಸಬಹುದೇ ಎಂಬುದೇ ಪ್ರಶ್ನೆ. ನೌಕರನಿಗೂ ಉದ್ಯಮಿಗೂ ಇಲ್ಲಿ ವೈರವಿಲ್ಲ. ನಾಳಿನ ಚಿಂತೆಯಿಲ್ಲದ ಲೈನ್‌ಮನ್ ಮಳೆಗಾಲದ ರಾತ್ರಿಯಲ್ಲಿ ಕಂಬವೇರಿದರೆ ಮರುದಿನ ಕಾರ್ಖಾನೆಯ ಯಂತ್ರ ತಿರುಗುತ್ತದೆ.

ದರ ಪರಿಷ್ಕರಣೆಯ ಅರ್ಜಿಗಳ ಮೇಲೆ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿದ ಬಳಿಕವೇ ಆಯೋಗವು ಆದೇಶ ಹೊರಡಿಸಬೇಕೆಂಬುದು ಕಾಯಿದೆಯ 64ನೇ ಪ್ರಕರಣದ ನಿಯಮ. ಸದಸ್ಯರು ಬಿಲ್ಲಿನಲ್ಲಿ ಈ ಬಾಬಿನ ಮೊತ್ತವನ್ನು ತಿಂಗಳುವಾರು ಬರೆದಿಟ್ಟುಕೊಂಡಲ್ಲಿ, ಮುಂದಿನ ವಿಚಾರಣೆಯಲ್ಲಿ ವಾದಕ್ಕೆ ಬಲ ತುಂಬುವ ಅಂಕಿಅಂಶಗಳು ಅವರ ಕಡತದಲ್ಲಿಯೇ ಸಿದ್ಧವಿರುತ್ತವೆ.